ಮ್ರಿಶೋನ ಓರೆಗೆರೆ

ಇಸೂಮಾ ಊರಿನಲ್ಲಿ ಮ್ರಿಶೋನನ್ನು ಕಂಡರೆ ಆಗುವವರು ಯಾರೂ ಇರಲಿಲ್ಲ. ಅವನಿಗೂ ಊರನ್ನು ಕಂಡರೆ ಅಷ್ಟಕ್ಕಷ್ಟೆ. ಕೊಂಡೋವಾ ಪೇಟೆಯಲ್ಲಿ ಬೋರ್ಡು ಬರೆಯುವುದು ಅವನ ಕಸುಬು. ಕ್ಷೌರದಂಗಡಿಯ ತಲೆಗಳು, ಔಷಧಿ ಅಂಗಡಿಯ ಹಾವು, ಬಸ್ಸಿನ ಹಿಂಬದಿಯ ಸಿಂಹ, ಎಲ್ಲವೂ ಅವನದೇ ಕೈ. ಆ ಕೈ ನಡುಗಿದ್ದನ್ನು ಯಾರೂ ನೋಡಿರಲಿಲ್ಲ, ಆ ಬಾಯಿ ಸುಮ್ಮನಿದ್ದದ್ದನ್ನೂ ನೋಡಿರಲಿಲ್ಲ. ಬರೆಸಿದವನು "ಸಿಂಹದ ಮೂಗು ಸ್ವಲ್ಪ ದಪ್ಪ ಆಯ್ತೇನೋ" ಎಂದರೆ ಮುಗಿಯಿತು, "ಮೊದಲು ನಿನ್ನ ಮೂಗು ಕನ್ನಡೀಲಿ ನೋಡ್ಕೊಂಡು ಬಾ ಹೋಗು" ಎಂದು ಬಣ್ಣದ ಡಬ್ಬ ಮುಚ್ಚಿಬಿಡುತ್ತಿದ್ದ. ತಾನು ಎಳೆದ ಗೆರೆ ತಪ್ಪು ಎಂದು ಅವನು ಒಪ್ಪಿಕೊಂಡ ನೆನಪು ಪೇಟೆಯಲ್ಲಿ ಯಾರಿಗೂ ಇಲ್ಲ.

ಅವನಿಗೆ ಸರಿಸಮನಾದ ಶತ್ರು ಎಂದರೆ ಸ್ವಂತ ಸೋದರತ್ತೆ ಮ್ವಾನ್ತುಮು. ಊರ ಮೇಲಿನ ಇಳಿಜಾರಿನಲ್ಲಿ ಒಂದು ಹೆಬ್ಬಂಡೆ ಚಪ್ಪರದ ಹಾಗೆ ಮುಂದಕ್ಕೆ ಚಾಚಿಕೊಂಡಿದೆ. ಅದರ ಒಳಮೈ ತುಂಬ ಕೆಂಪು ಚಿತ್ರಗಳು. ಯಾರು ಬರೆದರೋ, ಯಾವ ಕಾಲದ್ದೋ, ನಮ್ಮವರು ಬರೆದದ್ದಲ್ಲ ಎನ್ನುವುದಷ್ಟೇ ಎಲ್ಲರಿಗೂ ಗೊತ್ತು. ಮಳೆ ಹಿಡಿಯುವ ಮೊದಲು ಊರಿನ ಹೆಂಗಸರು ಸಜ್ಜೆಯ ಹೆಂಡ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಾರೆ. ಎಲ್ಲರಿಗಿಂತ ಹಿರಿಯಳು ಬಾಯಿ ತುಂಬ ಹೆಂಡ ತುಂಬಿಕೊಂಡು ಬಂಡೆಯ ಮೇಲೆ ಫೂ ಎಂದು ಚಿಮುಕಿಸಬೇಕು, ಆಮೇಲೆ ಉಳಿದವರು. ಶುಕ್ರವಾರ ತಪ್ಪದೆ ಮಸೀದಿಗೆ ಹೋಗುವ ಗಂಡಸರೂ ಆ ದಿನ ಏನೋ ಕಳೆದುಕೊಂಡು ಹುಡುಕುವವರಂತೆ ಆ ಕಡೆ ಸುಳಿದಾಡುತ್ತಾರೆ. ಆ ಹಿರಿಯಳು ಈಗ ಮ್ವಾನ್ತುಮು. ಗಟ್ಟಿ ಮುದುಕಿ. ಅವಳ ಕೈಯಲ್ಲಿರುವ ಕೋಲು ನೆಲಕ್ಕೆ ಊರಿದ್ದಕ್ಕಿಂತ ಜನರ ಕಡೆಗೆ ಎತ್ತಿದ್ದೇ ಹೆಚ್ಚು.

ಇಬ್ಬರಿಗೂ ಮೊದಲು ಕೆಟ್ಟದ್ದು ಒಂದು ಬೋರ್ಡಿನಿಂದ. ಜಡೆ ಹೆಣೆಯುವ ಅಂಗಡಿಗೆಂದು ಮ್ರಿಶೋ ಒಂದು ಹೆಣ್ಣಿನ ಮುಖ ಬರೆದ. ಅದು ಅತ್ತೆಯ ಮಗಳ ಮುಖ, ಯಾರು ನೋಡಿದರೂ ಹೇಳುವಂತಿತ್ತು. ಮ್ವಾನ್ತುಮು ಬಸ್ಸು ಹತ್ತಿ ಪೇಟೆಗೆ ಬಂದು, ಅಂಗಡಿಯವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ, ಕುಡುಗೋಲಿನಿಂದ ಆ ಮುಖವನ್ನು ಕೆರೆದು ತೆಗೆದಳು. "ಕೇಳದೆ ಮುಖ ಕದ್ದೋನು ನಾಳೆ ತಲೆ ಕದೀತಾನೆ" ಎಂದಳಂತೆ. ಅಂದಿನಿಂದ ಅವನು ದಾರಿಯಲ್ಲಿ ಸಿಕ್ಕಿ "ಶಿಕಮೂ" ಎಂದು ವಂದಿಸಿದರೆ ಅವಳು "ಮರಹಾಬಾ" ಎಂದು ಒಪ್ಪಿಕೊಳ್ಳುತ್ತಿರಲಿಲ್ಲ. ಹಿರಿಯರು ಈ ಒಂದು ಮಾತನ್ನು ನುಂಗಿಕೊಂಡರೆ ನಮ್ಮಲ್ಲಿ ಅದು ಕಪಾಳಕ್ಕೆ ಬಾರಿಸಿದ್ದಕ್ಕಿಂತ ಹೆಚ್ಚು. ಕೆಲವು ತಿಂಗಳು ನೋಡಿ ಅವನೂ ವಂದಿಸುವುದನ್ನು ಬಿಟ್ಟ.

ಇಂಥವನ ಕೈಗೇ ಆ ಬಂಡೆಯ ನಕಲು ತೆಗೆಯುವ ಕೆಲಸ ಬಂದು ಬಿತ್ತು.

ಹಳೆಯ ಕಾಲದ ವಸ್ತುಗಳನ್ನು ನೋಡಿಕೊಳ್ಳುವ ದೂರದ ನಗರದ ಆಫೀಸಿನಿಂದ ಮ್ಶಾನಾ ಎಂಬ ಹೆಂಗಸು ಬಂದಿದ್ದಳು. ಮಾತು ಕಡಿಮೆ, ಕನ್ನಡಕ ದಪ್ಪ, ಬೆಟ್ಟ ಹತ್ತುವಾಗಲೂ ಇಸ್ತ್ರಿ ಕೆಡದ ಬಟ್ಟೆ. ನಡುಗದ ಕೈ ಬೇಕೆಂದು ಅವಳು ಮ್ರಿಶೋನನ್ನು ಗೊತ್ತುಮಾಡಿಕೊಂಡಳು. ಆರಪಾರ ಕಾಣುವ ಪ್ಲಾಸ್ಟಿಕ್ ಹಾಳೆಯನ್ನು ಬಂಡೆಗೆ ಟೇಪಿನಿಂದ ಅಂಟಿಸಿ, ಅಡಿಯಲ್ಲಿ ಕಾಣುವ ಚಿತ್ರವನ್ನು ಅದರ ಮೇಲೆ ಪೆನ್ನಿನಿಂದ ತಿದ್ದಬೇಕು. ಟೇಪು ಮಾತ್ರ ಬರಿಗಲ್ಲಿನ ಮೇಲೆ ಬೀಳಬೇಕು, ಬಣ್ಣದ ಮೇಲೆ ಎಂದಿಗೂ ಬೀಳಕೂಡದು. ಹಾಳೆಯ ಬುಡದಲ್ಲಿ ನಾಲ್ಕು ಗುರುತುಗಳ ಅರ್ಥ ಬರೆದಿತ್ತು. ಕೆಂಪು ಗೆರೆ ಎಂದರೆ ಚಿತ್ರ, ಚುಕ್ಕಿ ಎಂದರೆ ಕಲ್ಲು ಉದುರಿದ ಜಾಗ, ಅಲೆ ಎಂದರೆ ಮಳೆನೀರು ಇಳಿದ ಕಲೆ, ಕಪ್ಪು ಓರೆಗೆರೆ ಎಂದರೆ ಹಾನಿ.

ಮೂರನೆಯ ದಿನ ಮ್ರಿಶೋ ಪೆನ್ನು ನಿಲ್ಲಿಸಿ ಕೇಳಿದ.

"ಮೇಡಂ, ಇಲ್ಲೆಲ್ಲ ಬೆಳ್ಳಗೆ ಇಳಿದಿದೆಯಲ್ಲ, ಇದನ್ನ ಏನಂತ ಬರೀಲಿ?"

"ಏನದು?"

"ಹೆಂಡ. ನಮ್ಮ ಹೆಂಗಸರು ಉಗಿಯೋದು."

"ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತೆ, ನೀವೇ ಹೇಳಿ."

"ಚಿತ್ರ ಅಲ್ಲ. ಉದುರಿದ್ದೂ ಅಲ್ಲ. ಮಳೆನೀರೂ ಅಲ್ಲ."

"ಹಾಗಾದ್ರೆ ಇನ್ನೇನು, ಹಾನಿ" ಎಂದಳು ಮ್ಶಾನಾ, ತನ್ನ ಕೆಲಸದಿಂದ ತಲೆ ಎತ್ತದೆ.

ಐದನೆಯ ಗುರುತೊಂದನ್ನು ಮಾಡೋಣ ಎಂದು ಅವಳಿಗೆ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತೋ ಏನೋ, ಬಾಯಿ ಬಿಡಲಿಲ್ಲ. ಹಾನಿ ಎಂಬ ಮಾತು ಅವನಿಗೆ ಹಬ್ಬದೂಟದಷ್ಟು ರುಚಿಸಿಬಿಟ್ಟಿತ್ತು. ಅತ್ತೆಯ ಬಾಯಿಂದ ಬಂದದ್ದು ಹಾನಿ! ಸರ್ಕಾರಿ ಹಾಳೆಯ ಮೇಲೆ, ಸರ್ಕಾರಿ ಪೆನ್ನಿನಲ್ಲಿ! ನಿಜ ಹೇಳಬೇಕೆಂದರೆ ಆ ಹೆಂಡದ ಪೊರೆ ಬಹಳ ತೆಳುವಾಗಿತ್ತು. ತಿಳಿಗಂಜಿಯ ತಳದಲ್ಲಿ ಅಗುಳು ಕಾಣುವ ಹಾಗೆ ಅದರ ಹಿಂದೆ ಚಿತ್ರ ಕಾಣುತ್ತಿತ್ತು. ಒಂದು ಎತ್ತರದ ಜಿರಾಫೆ, ಅದರ ಒಂದು ಮುಂಗಾಲು ಆ ಬಿಳುಪಿನ ಹಿಂದೆ ಇಳಿದಿತ್ತು. ವಿರಳವಾಗಿ ನಾಲ್ಕು ಓರೆಗೆರೆ ಎಳೆದು, ನಡುವೆ ಕಾಲನ್ನೂ ಕೆಂಪಿನಲ್ಲಿ ತಿದ್ದಬಹುದಾಗಿತ್ತು. ಅವನು ಹಲ್ಲು ಕಚ್ಚಿಕೊಂಡು ಗೆರೆಯ ಪಕ್ಕಕ್ಕೆ ಗೆರೆ, ಗೆರೆಯ ಪಕ್ಕಕ್ಕೆ ಗೆರೆ, ಚಾಪೆ ಹೆಣೆದ ಹಾಗೆ ಎಳೆದ. ಕಾಲು ಅದರಡಿ ಮುಳುಗಿತು. ಕೆಲಸ ಅಚ್ಚುಕಟ್ಟಾಗಿತ್ತು, ಮ್ಶಾನಾ ಮೆಚ್ಚಿಕೊಂಡಳು.

ನಗರದಲ್ಲಿ ಆ ಹಾಳೆಯನ್ನು ಪುಸ್ತಕದ ಪುಟಕ್ಕೆ ಹೊಂದಿಸಲು ಕುಗ್ಗಿಸಿದರು. ಗೋಡೆಯಗಲದ್ದು ಅಂಗೈಯಗಲಕ್ಕೆ ಇಳಿದಾಗ ಆ ದಟ್ಟ ಓರೆಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಬರೀ ಕಪ್ಪಾದವು. ಬಂಡೆಯ ಅರ್ಧಕ್ಕೆ ಮಸಿ ಬಳಿದ ಹಾಗೆ ಕಂಡಿತು. ಬಂಡೆ ಇರುವ ದಿಕ್ಕು ಯಾವುದೆಂದೂ ತಿಳಿಯದ ಸಮಿತಿಯ ದೊಡ್ಡವರು ಆ ಪುಟವನ್ನು ಕೈಯಿಂದ ಕೈಗೆ ದಾಟಿಸಿದರು. "ಅಯ್ಯೋ, ಅರ್ಧ ಹೋಗೇಬಿಟ್ಟಿದೆ" ಎಂದರು. ಒಂದು ತಿಂಗಳಲ್ಲಿ ಬಂಡೆಯ ಸುತ್ತ ಕಬ್ಬಿಣದ ಬೇಲಿ ಬಂತು, ಗೇಟು ಬಂತು, ಬೀಗ ಬಂತು, ಬೀಗಕ್ಕೊಬ್ಬ ಕಾವಲುಗಾರ ಬಂದ. ಪೆತ್ರೋ ಅಂತ ಅವನ ಹೆಸರು, ಬೇರೆ ಸೀಮೆಯವನು, ಯಾರ ಮುಲಾಜೂ ಇಲ್ಲದವನು. ಹೆಂಡ ಒಳಗೆ ತರುವಂತಿಲ್ಲ ಎಂದು ಗೇಟಿನ ಮೇಲೆ ಬರೆದಿತ್ತು. ಅದನ್ನು ಬರೆದವನೂ ಮ್ರಿಶೋನೇ, ಬೋರ್ಡಿನ ಕೆಲಸ ಬೇರೆ ಯಾರಿಗೆ ಬರುತ್ತದೆ?

ಬೀಗ ಬಿದ್ದ ದಿನ ಮ್ವಾನ್ತುಮು ಅವನ ಮನೆ ಬಾಗಿಲಿಗೆ ಬಂದಳು. ಅವನು ಉಗಾಲಿಯ ಮುದ್ದೆ ಮುರಿಯುತ್ತಿದ್ದ. ಏಳಲಿಲ್ಲ, ಊಟಕ್ಕೂ ಕರೆಯಲಿಲ್ಲ.

"ಲೋ ಬೀಗ ಹಾಕಿಸ್ದೋನೆ, ಈಚೆ ಬಾ."

"ನಾನ್ಯಾಕೆ ಹಾಕಿಸ್ಲಿ? ಆಫೀಸಿನೋರು ಹಾಕಿದ್ರು. ಅವರ್ನ ಕೇಳ್ಹೋಗು."

"ಅವರಿಗೆ ಹೇಳಿಕೊಟ್ಟೋನು ಯಾರು?"

"ನಾನೇನೂ ಹೇಳ್ಲಿಲ್ಲ. ಇದ್ದದ್ದನ್ನ ಇದ್ದಂಗೆ ಬರ್ದೆ."

"ನಮ್ಮನ್ನೂ ಬರ್ದ್ಯಾ ಅದ್ರಲ್ಲಿ?"

"ಬರ್ದೆ."

"ಏನಂತ?"

ಮ್ರಿಶೋ ತುತ್ತು ನುಂಗಿ ನೀರು ಕುಡಿದ. "ಹಾನಿ ಅಂತ."

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನಮ್ಮಮ್ಮ ಮಳೆ ಕೇಳಿದ್ದು ಹಾನಿ. ನಮ್ಮಜ್ಜಿ ಕೇಳಿದ್ದು ಹಾನಿ. ಆ ಮಳೇಲಿ ಬೆಳೆದ ಸಜ್ಜೆ ತಿಂದು ಇಷ್ಟು ದೊಡ್ಡ ಹೊಟ್ಟೆ ಬಿಟ್ಕೊಂಡು ಕೂತಿದ್ಯಲ್ಲ, ನೀನೇನು ಲಾಭನಾ?"

"ಅತ್ತೆ, ಊಟ ಮಾಡೋನ ಮುಂದೆ ನಿಂತು..."

"ತಿನ್ನು. ಚೆನ್ನಾಗಿ ತಿನ್ನು. ಮೋಡ ಕಟ್ಟೋದ್ರೊಳಗೆ ಆ ಬೀಗ ತೆಗೆಸಿಲ್ಲ ಅಂದ್ರೆ ನಿನ್ನ ಹೆಣಕ್ಕೂ ನಾನು ಬರಲ್ಲ."

"ಬರಬೇಡ. ನನ್ನ ಹೆಣ ನಿನ್ನ ದಾರಿ ಕಾಯ್ತಾ ಕೂತಿರಲ್ಲ."

ಊರು ಅತ್ತೆಯ ಕಡೆಗಿತ್ತು. ಯಾರೂ ಸಭೆ ಸೇರಲಿಲ್ಲ, ಬಹಿಷ್ಕಾರ ಎಂದು ಸಾರಲಿಲ್ಲ. ಚಹದಂಗಡಿಯವನು ಅವನಿಗೆ ಮಾತ್ರ ಬಿರುಕು ಬಿಟ್ಟ ಲೋಟ ಇಡುತ್ತಿದ್ದ. ಅವನ ಹೆಂಡತಿ ನೀರಿಗೆ ಹೋದರೆ ಕೊಳಾಯಿಯ ಸುತ್ತ ಮಾತು ನಿಲ್ಲುತ್ತಿತ್ತು. ಪೇಟೆಯಲ್ಲಿ ನಮ್ಮೂರಿನ ಬಸ್ಸಿನವನು ಹಳೆಯ ಸಿಂಹದ ಮೇಲೆ ಬಣ್ಣ ಹೊಡೆಸಿ ಬೇರೆ ಯಾರಿಂದಲೋ ಹದ್ದು ಬರೆಸಿಕೊಂಡ, ಆ ಹದ್ದು ಕೋಳಿಯ ಹಾಗಿತ್ತು. ಮ್ರಿಶೋಗೆ ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಆ ಕೋಳಿಯನ್ನು ಕಂಡು.

ಕೊನೆಗೆ ಅವನು ಬೀಗ ತೆಗೆಸಿ ಎಂದು ಕೇಳಲು, ಬೇಲಿ ನೋಡಲು ಬಂದಿದ್ದ ಮ್ಶಾನಾಳ ಬಳಿಗೆ ಹೋದ, ಅತ್ತೆಯ ಮೇಲಿನ ಪ್ರೀತಿಯಿಂದ ಅಂತೂ ಖಂಡಿತ ಅಲ್ಲ.

"ನನಗೂ ಗೊತ್ತು ಮ್ರಿಶೋ" ಎಂದಳು ಅವಳು. "ಆ ಬಿಳುಪು ಅಷ್ಟೇನೂ ಇರಲಿಲ್ಲ ಅನ್ನೋ ನೆನಪು ನನಗಿದೆ. ಆದ್ರೆ ಸಮಿತಿಯವರು ನನ್ನ ನೆನಪನ್ನ ಕೇಳಲ್ಲ, ಹಾಳೆ ನೋಡ್ತಾರೆ. ಹಾಳೆ ತಪ್ಪಿದೆ ಅಂತ ಬರೆದವರೇ ಹೇಳಿದ್ರೆ ಬೀಗ ತೆಗೆಸಬಹುದು. ಹೇಳ್ತೀರಾ?"

ಅಷ್ಟೇ ಸಾಕಾಗಿತ್ತು. ಒಂದು ಮಾತು.

"ನನ್ನ ಗೆರೆ ತಪ್ಪಲ್ಲ" ಎಂದ.

ಮ್ಶಾನಾ ನಿಟ್ಟುಸಿರುಬಿಟ್ಟು ಇನ್ನೊಂದು ದಾರಿ ಹುಡುಕಿದಳು. ಮಳೆಗೆ ಮುಂಚೆ ಒಂದು ದಿನ ಗೇಟು ತೆರೆಸುವುದು, ಚಿತ್ರಗಳ ಮುಂದೆ ಪ್ಲಾಸ್ಟಿಕ್ ಹಾಳೆ ಇಳಿಬಿಡುವುದು, ಹೆಂಗಸರು ಅದರ ಮೇಲೆ ಚಿಮುಕಿಸಿ ಹೋಗುವುದು. ಅವರಿಗೂ ಸಮಾಧಾನ, ಬಂಡೆಯೂ ಕ್ಷೇಮ. ಮ್ರಿಶೋ ಹಿಂದೆಮುಂದೆ ನೋಡದೆ ಹೂಂ ಎಂದ. ಇದರಲ್ಲಿ ಅವನು ತಪ್ಪು ಒಪ್ಪಿಕೊಳ್ಳುವ ಪ್ರಸಂಗವೇ ಇರಲಿಲ್ಲ.

ಆ ದಿನ ಬೆಳಿಗ್ಗೆ ಹಾಳೆ ಅಂಟಿಸಲು ಅವನೇ ಹೋದ. ಮೇಲಂಚು, ಎಡದಂಚು ಬರಿಗಲ್ಲಿಗೆ ಕುಳಿತವು. ಬಲದಂಚಿಗೆ ಟೇಪು ಹಾಕುವ ಜಾಗ ಯಾವುದೆಂದು ಕೈಯಲ್ಲಿದ್ದ, ತನ್ನ ನಕಲನ್ನು ಕುಗ್ಗಿಸಿದ ಪುಟ ನೋಡಿದ. ಅಲ್ಲಿ ಕಪ್ಪಿತ್ತು. ಕಪ್ಪು ಎಂದರೆ ಏನೂ ಉಳಿಯದ ಜಾಗ. ಹೆಬ್ಬೆರಳಿನಿಂದ ಟೇಪನ್ನು ಅಲ್ಲಿ ಬಲವಾಗಿ ಒತ್ತಿದ. ಬಂಡೆ ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು, ಅದನ್ನು ನೋಡುವ ಗೋಜಿಗೆ ಅವನು ಹೋಗಲಿಲ್ಲ. ತಾನು ಹಟಕ್ಕೆ ಎಳೆದ ಗೆರೆಯನ್ನು ಅಷ್ಟು ಹೊತ್ತಿಗೆ ಅವನೇ ನಂಬಿಬಿಟ್ಟಿದ್ದ. ಎಂಥ ದಡ್ಡತನ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಹೆಂಗಸರು ಸೋರೆ ಬುರುಡೆಗಳಲ್ಲಿ ಹೆಂಡ ಹೊತ್ತು ಬಂದರು. ಹಾಳೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಹಿಂದಿನಿಂದ ಒಬ್ಬಳು, "ಮಳೆ ಕೊಡೋರಿಗೇ ಮಳೆಕೋಟು ಹಾಕಿಸಿದ್ದಾನಲ್ರೇ!" ಎಂದಳು. ನಗು ಎದ್ದಿತು. ಪೆತ್ರೋನೂ ಗೇಟಿಗೆ ಒರಗಿ ನಕ್ಕ. ಮ್ಶಾನಾ ಮಾತ್ರ ಗಡಿಯಾರ ನೋಡುತ್ತಿದ್ದಳು.

ಮ್ವಾನ್ತುಮು ಯಾರ ಕಡೆಗೂ ನೋಡದೆ ಬಾಯಿ ತುಂಬ ಹೆಂಡ ತುಂಬಿಕೊಂಡಳು. ಹಾಗೆ ತುಂಬಿಕೊಂಡ ಮೇಲೆ ಮಾತಿಲ್ಲ, ನುಂಗುವ ಹಾಗೂ ಇಲ್ಲ. ಮುಂದೆ ಬಂದಳು. ಹಾಳೆಯಲ್ಲಿ ಅವಳ ಮುಖವೇ ಅವಳಿಗೆ ಕಂಡಿತು, ಉಬ್ಬಿದ ಕೆನ್ನೆಗಳ ಸಮೇತ. ಸ್ವಲ್ಪ ಹೊತ್ತು ಅದನ್ನು ನೋಡಿದಳು. ಆಮೇಲೆ ಪಕ್ಕದಲ್ಲಿ ಟೇಪು ಹಿಡಿದು ನಿಂತಿದ್ದ ಅಣ್ಣನ ಮಗನ ಕಡೆಗೆ ತಿರುಗಿ, ಬಾಯಲ್ಲಿದ್ದುದನ್ನೆಲ್ಲ ಒಂದು ಹನಿ ಉಳಿಯದಂತೆ ಅವನ ಮುಖಕ್ಕೆ ಚಿಮುಕಿಸಿದಳು.

"ಹಾನಿ ಆಯ್ತಾ?" ಎಂದಳು. "ಹೋಗಿ ಬರ್ಕೋ."

ಹೆಂಡ ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಹೆಂಗಸರ ನಗು ಅವನು ಹೇಗೋ ಸಹಿಸುತ್ತಿದ್ದ. ಆ ಪರಸೀಮೆಯ ಪೆತ್ರೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದು ಅವನ ತಲೆ ಕೆಡಿಸಿತು.

"ತಗೋ ನಿನ್ನ ಬಂಡೆ! ಉಗಿದುಕೋ, ನೆಕ್ಕಿಕೋ, ಏನಾದ್ರೂ ಮಾಡ್ಕೋ!" ಎಂದು ಹಾಳೆಯ ಬಲದಂಚನ್ನು ಹಿಡಿದು ಒಂದೇ ಎಳೆತಕ್ಕೆ ಕಿತ್ತ.

ಪರ್ ಎಂದು ಸದ್ದಾಯಿತು. ಬಂಡೆಯ ಮೇಲೆ ಬೆರಳುದ್ದದ ಹೊಸ ಗಾಯ ಬೆಳ್ಳಗೆ ಹೊಳೆಯಿತು. ಟೇಪಿಗೆ ಕಲ್ಲಿನ ತೆಳ್ಳನೆಯ ಚಕ್ಕೆ ಅಂಟಿಕೊಂಡು ಬಂದಿತ್ತು. ಅದರ ಮೇಲೆ ಕೆಂಪು ಇತ್ತು. ಎಲ್ಲರ ನಗು ನಿಂತಿತು.

ಮ್ಶಾನಾ ಓಡಿಬಂದು ಆ ಗಾಯವನ್ನು ಮುಟ್ಟಿದಳು. ಮುಖ ಬಿಳಿಚಿಕೊಂಡಿತ್ತು. ಮರುಕ್ಷಣ ಮ್ರಿಶೋನ ಕೈಯಿಂದ ಆ ಪುಟ ಕಿತ್ತುಕೊಂಡು ಬೆರಳಿಟ್ಟು ಹುಡುಕಿದಳು, ಜಾಗ ಸಿಕ್ಕಿತು, ಮುಖಕ್ಕೆ ರಕ್ತ ತಿರುಗಿತು.

"ಇಲ್ನೋಡಿ. ಇಲ್ಲಿ ಮೊದಲೇ ಹೋಗಿತ್ತು. ಹಾಳೆಯಲ್ಲೇ ಇದೆ. ಇವತ್ತು ಹೊಸದಾಗಿ ಏನೂ ಹೋಗಿಲ್ಲ."

ಪೆತ್ರೋ ಬಗ್ಗಿ ಪುಟ ನೋಡಿದ. ಒಬ್ಬಿಬ್ಬರು ಹೆಂಗಸರೂ ಕತ್ತು ಚಾಚಿದರು. ಹೌದಲ್ಲ, ಕಪ್ಪೇ ಇದೆ.

"ಗಾಯ ಕಣ್ಣೆದುರಿಗಿದೆ, ಇವರು ಕಾಗದ ನೋಡ್ತಾರೆ!" ಎಂದು ಮ್ವಾನ್ತುಮು ಕೋಲಿನಿಂದ ನೆಲ ಕುಟ್ಟಿದಳು. "ನಾವು ಇಷ್ಟು ಕಾಲ ಹೆಂಡ ಉಗಿದ್ವಿ, ಒಂದು ದಿನವಾದ್ರೂ ಬಂಡೆಯ ಚರ್ಮ ಸುಲಿದಿದ್ವಾ? ಬೀಗ ಯಾರಿಗೆ ಹಾಕ್ಬೇಕಿತ್ತು ಹೇಳು ತಾಯಿ, ನಮಗೋ ಇವನಿಗೋ?"

ಮ್ಶಾನಾ ಮ್ರಿಶೋನ ಕಡೆ ನೋಡಿದಳು. ಅವನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ಅವನು ಬಚಾವು, ಅವಳು ಬಚಾವು, ಹಾಳೆ ಬಚಾವು, ಬೀಗ ಮಾತ್ರ ಶಾಶ್ವತ. ಮುಖದ ಮೇಲೆ ಹೆಂಡ ಆರುತ್ತಿದ್ದ ಆ ಗಳಿಗೆಯಲ್ಲಿ ಅತ್ತೆಗೆ ಒಳ್ಳೆಯದಾಗಲಿ ಎಂದು ಅವನಿಗೆ ಒಂದು ಕಾಳಿನಷ್ಟೂ ಅನಿಸಿರಲಿಲ್ಲ.

ಆದರೆ ಟೇಪು ಅವನ ಕೈಯಲ್ಲಿತ್ತು. ಆ ಚಕ್ಕೆಯ ಮೇಲೆ ಜಿರಾಫೆಯ ಕಾಲು ತೊಡೆಯಿಂದ ಗೊರಸಿನವರೆಗೆ ಇಡಿಯಾಗಿ ಇತ್ತು. ಒಂದೇ ಎಳೆತ, ಎಲ್ಲೂ ತಡವರಿಸಿಲ್ಲ, ಕೊನೆಯಲ್ಲಿ ಕುಂಚವನ್ನು ಹಗುರಾಗಿ ಎತ್ತಿದ ಗುರುತು ಸಹ ಇತ್ತು. ಮ್ರಿಶೋಗೆ ಆ ಎತ್ತುವಿಕೆ ಗೊತ್ತು. ಸಿಂಹದ ಬಾಲದ ತುದಿಯಲ್ಲಿ ತಾನೂ ಹಾಗೆಯೇ ಎತ್ತುತ್ತಾನೆ. ಯಾವನೋ ಒಬ್ಬ ಕಸುಬಿನವನು ಎಷ್ಟೋ ಕಾಲದ ಹಿಂದೆ ಇಲ್ಲೇ ನಿಂತು ಉಸಿರು ಹಿಡಿದು ಎಳೆದ ಗೆರೆ, ಅದನ್ನು ತಾನು ಮೊದಲು ಮುಚ್ಚಿದ, ಈಗ ಕಿತ್ತ. ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿಕೊಳ್ಳುವಷ್ಟು ನಾಚಿಕೆ.

"ಇತ್ತು" ಎಂದ.

"ಏನಿತ್ತು?" ಎಂದಳು ಮ್ಶಾನಾ.

"ಕಾಲು. ಜಿರಾಫೆಯ ಮುಂಗಾಲು. ಹೆಂಡದ ಹಿಂದೆ ಚೆನ್ನಾಗಿ ಕಾಣ್ತಿತ್ತು. ನಾನೇ ಬರೀಲಿಲ್ಲ. ಈ ಮುದುಕಿ ಮೇಲಿನ ಸಿಟ್ಟಿಗೆ ಗೆರೆ ದಟ್ಟ ಎಳೆದೆ. ಅರ್ಧ ಬಂಡೆ ಹೋಗಿದೆ ಅಂತೀರಲ್ಲ, ಏನೂ ಹೋಗಿರಲಿಲ್ಲ. ಹೋಗಿದ್ದು ಇವತ್ತು. ಇದೊಂದು. ನನ್ನ ಟೇಪಿಂದ."

"ಮ್ರಿಶೋ, ಯೋಚನೆ ಮಾಡಿ ಮಾತಾಡಿ."

"ನನ್ನ ಗೆರೆ ತಪ್ಪು" ಎಂದ ಮ್ರಿಶೋ, ಬೈಗುಳ ಬೈಯುವ ದನಿಯಲ್ಲಿ. "ಬೇಕಾದ್ರೆ ಬೋರ್ಡು ಬರೆದು ಗೇಟಿಗೆ ತಗಲಿಸ್ತೀನಿ."

ಮ್ಶಾನಾ ಪುಟವನ್ನು ಸುರುಳಿ ಸುತ್ತಿದಳು. ಆಮೇಲೆ ಕೈ ಚಾಚಿ, "ಪೆನ್ನುಗಳನ್ನ ಕೊಡಿ" ಎಂದಳು. ಅವನು ಕೊಟ್ಟ. ಟೇಪನ್ನೂ ಇಸಿದುಕೊಂಡು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಅದನ್ನು ಕಂಡವರಿಲ್ಲ.

ಅವಳು ಕೆಟ್ಟವಳಲ್ಲ. ಮೊದಲ ಹಾಳೆ ನಂಬತಕ್ಕದ್ದಲ್ಲ ಎಂದು ಸಮಿತಿಗೆ ತಿಳಿಸಿದಳು, ಟೇಪಿನ ಸುದ್ದಿ ಎತ್ತಲಿಲ್ಲ. ಎತ್ತಿದರೆ ಆಫೀಸಿಗೇ ಮಸಿ. ಮೋಡ ಕಟ್ಟುವ ಹೊತ್ತಿಗೆ ಬೀಗ ತೆಗೆದರು, ಪೆತ್ರೋ ಗಂಟುಮೂಟೆ ಕಟ್ಟಿಕೊಂಡು ಹೋದ. ಹೆಂಗಸರು ಹತ್ತಿದರು, ಮ್ವಾನ್ತುಮು ಬಾಯಿ ತುಂಬಿಕೊಂಡು ಬರಿಬಂಡೆಗೆ ಚಿಮುಕಿಸಿದಳು. ಮಳೆ ಬಂತು, ಎಂದಿನಂತೆ ಬೈದುಕೊಳ್ಳುವಷ್ಟು ತಡವಾಗಿ. ಮ್ರಿಶೋಗೆ ಯಾರೂ ಒಳ್ಳೆಯ ಮಾತು ಹೇಳಲಿಲ್ಲ. ಚಹದ ಲೋಟ ಮಾತ್ರ ಬದಲಾಯಿತು.

ಮರುವರ್ಷ ಹೊಸ ನಕಲು ತೆಗೆಯಲು ನಗರದಿಂದ ಬೇರೊಬ್ಬಳು ಬಂದಳು. ಶ್ರದ್ಧೆಯವಳು. ಇದ್ದದ್ದನ್ನು ಇದ್ದ ಹಾಗೆ ಬರೆದಳು. ಹೆಂಡಕ್ಕೆ ಬೇರೆ ಗುರುತು ಕೊಟ್ಟಳು. ಜಿರಾಫೆಗೆ ಎಷ್ಟು ಕಾಲು ಕಂಡವೋ ಅಷ್ಟು ಬರೆದಳು, ಮೂರು. ಅವಳ ಹಾಳೆ ಪುಸ್ತಕವಾಯಿತು, ಪುಸ್ತಕ ಹಿಡಿದುಕೊಂಡು ಜನ ಬರತೊಡಗಿದರು.

ಒಂದು ಮಧ್ಯಾಹ್ನ ಮ್ರಿಶೋ ಬೇಲಿಯ ಬದಿಯ ಚಹದಂಗಡಿಗೆ ಹೊಸ ಬೋರ್ಡು ಬರೆಯುತ್ತಿದ್ದ. ಬಂಡೆಯ ಕೆಳಗೆ ಒಬ್ಬ ಗೈಡು ಪ್ರವಾಸಿಗರಿಗೆ ವಿವರಿಸುತ್ತಿದ್ದ.

"ಇಲ್ಲಿ ಗಮನಿಸಿ, ಮೂರೇ ಕಾಲು. ಬೇಕಂತಲೇ ಹಾಗೆ ಬರೆದಿದ್ದಾರೆ. ಕುಂಟು ಪ್ರಾಣಿ ಅಂದ್ರೆ ಆ ಜನರಿಗೆ ಪವಿತ್ರ ಅಂತ ಪಂಡಿತರು ಹೇಳ್ತಾರೆ."

ಕುಂಚ ಎಸೆದು ಮ್ರಿಶೋ ಮೇಲಕ್ಕೆ ನುಗ್ಗಿದ.

"ಯಾವನಯ್ಯಾ ಪಂಡಿತ? ನಾಲ್ಕು ಕಾಲಿತ್ತು! ನಾಲ್ಕು! ನಾಲ್ಕನೇದು ನನ್ನ ಕೈಯಲ್ಲಿತ್ತು!"

ಪ್ರವಾಸಿಗರು ಒಂದು ಹೆಜ್ಜೆ ಹಿಂದೆ ಸರಿದರು. ಗೈಡು ಹುಷಾರಿನವನು, ನಗುನಗುತ್ತಲೇ ಪುಸ್ತಕ ಬಿಡಿಸಿದ. "ಎಲ್ಲಿದೆ ತೋರಿಸಿ ಯಜಮಾನ್ರೇ. ಇದರಲ್ಲಿಲ್ಲ. ಹಳೇ ಪುಸ್ತಕದಲ್ಲೂ ಇಲ್ಲ, ಅಲ್ಲಿ ಬರೀ ಕಪ್ಪು. ಯಾವುದರಲ್ಲಿದೆ?"

ಯಾವುದರಲ್ಲೂ ಇರಲಿಲ್ಲ. ಮ್ರಿಶೋ ಸುತ್ತ ನೋಡಿದ. ಅಷ್ಟರಲ್ಲಿ ಮ್ವಾನ್ತುಮು ಸೌದೆ ಹೊರೆ ಹೊತ್ತ ಸೊಸೆಯೊಂದಿಗೆ ಇಳಿಜಾರಿನಲ್ಲಿ ಬರುವುದು ಕಂಡಿತು. ಟೇಪು ಕಿತ್ತ ದಿನ ಬಂಡೆಯ ಬುಡದಲ್ಲಿದ್ದವರಲ್ಲಿ ಊರಿನಲ್ಲಿ ಇನ್ನೂ ಮಾತು ನಡೆಯುವವಳು ಅವಳೊಬ್ಬಳೇ.

"ಅತ್ತೇ!" ಎಂದು ಕೂಗಿದ. ದನಿ ಒಡೆದಿತ್ತು. "ನೀನೇ ಹೇಳು ಇವರಿಗೆ. ಇಷ್ಟು ಕಾಲ ಅದರ ಮುಂದೆ ನಿಂತೋಳು ನೀನು. ಆ ಜಿರಾಫೆಗೆ ನಾಲ್ಕು ಕಾಲಿತ್ತೋ ಇಲ್ವೋ?"

ಮ್ವಾನ್ತುಮು ನಿಂತಳು. ಗೈಡನ್ನು ನೋಡಿದಳು, ಪುಸ್ತಕ ನೋಡಿದಳು, ಆಮೇಲೆ ಅಣ್ಣನ ಮಗನನ್ನು ನೋಡಿದಳು.

"ನನಗೇನು ಗೊತ್ತು?" ಎಂದಳು. "ನಾನು ಅಲ್ಲಿಗೆ ಮಳೆ ಕೇಳೋಕೆ ಹೋಗ್ತಿದ್ದೆ. ಜಿರಾಫೆ ನೋಡೋಕಲ್ಲ."

ಸೊಸೆಯನ್ನು ಮುಂದೆ ನಡೆ ಎಂದು ಹೇಳಿ ಇಳಿದುಹೋದಳು. ಗೈಡು ಪುಸ್ತಕದ ಪುಟ ಮಗುಚಿ, ಎಲ್ಲರನ್ನೂ ಪಕ್ಕದ ಆನೆಯ ಚಿತ್ರದ ಕಡೆಗೆ ಕರೆದುಕೊಂಡು ಹೋದ.